ಬೋರ್ಡು ರಾಯರಿಗೆ ಗುರುತು ಸಿಗದ ಗಿಡ

ಹೊಟ್ಟೆಯ ಮೇಲೆ ಹೊಡೆದ ಶತ್ರುವನ್ನು ಕಟ್ಟಿಕೊಂಡ ಹೆಂಡತಿಯೇ ಮನೆಯೊಳಗೆ ಕರೆದು, ಮಡಿಲಲ್ಲಿ ಕೂರಿಸಿಕೊಂಡು, ಬೆರಳಿನಿಂದ ಸವರಿ ಸವರಿ ಮುದ್ದು ಮಾಡಿದರೆ ಯಾವ ಗಂಡಸಿಗೆ ತಾನೇ ಅನ್ನ ಗಂಟಲಲ್ಲಿ ಇಳಿದೀತು? ಬೋರ್ಡು ರಾಯರಿಗಂತೂ ಇಳಿಯುತ್ತಿರಲಿಲ್ಲ. (ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು ಅನ್ನುವುದು ಬೇರೆ ಮಾತು. ಕೋಪ ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ.)

ಶತ್ರು ಎಂದರೆ ಮನುಷ್ಯನಲ್ಲ. ಕಂಪ್ಯೂಟರ್ ಜಾತಿಗೆ ಸೇರಿದ ಒಂದು ಟ್ಯಾಬ್. ಮಗಳು ತನಗೆ ಹೊಸದು ಬಂದ ಮೇಲೆ ಹಳೆಯದನ್ನು ಅಮ್ಮನಿಗೆ ಕೊಟ್ಟು, ಅದರಲ್ಲಿ ಚಿತ್ರ ಬರೆಯುವುದು ಹೇಗೆಂದು ತೋರಿಸಿಕೊಟ್ಟು ಗಂಡನ ಮನೆಗೆ ಹೋಗಿದ್ದಳು. ಅಪ್ಪನಿಗೆ ಕಂಪ್ಯೂಟರ್ ಕಂಡರಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಹೆತ್ತ ಮಗಳೇ ಹೀಗೆ ಮಾಡಿದಳಲ್ಲ ಎಂದು ರಾಯರು ಒಳಗೊಳಗೇ ಬೆಂದರು.

ರಾಯರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಒಂದು ಕಾಲದಲ್ಲಿ ಪೇಟೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಔಷಧದ ಅಂಗಡಿ, ಹೊಲಿಗೆ ಅಂಗಡಿ, ಬೀಗ ರಿಪೇರಿ, ಹಲ್ಲಿನ ಡಾಕ್ಟರು, ಎಲ್ಲರ ನೆತ್ತಿಯ ಮೇಲೂ ಅವರದೇ ಅಕ್ಷರ. ಆಮೇಲೆ ಕಂಪ್ಯೂಟರಿನಲ್ಲಿ ಅಚ್ಚಾಗುವ ಪ್ಲಾಸ್ಟಿಕ್ ಬ್ಯಾನರು ಬಂತು. ರಾಯರು ಒಂದು ‘ಕ’ ಬರೆದು ಅದಕ್ಕೆ ನೆರಳು ಕೊಡುವಷ್ಟರಲ್ಲಿ ಆ ಯಂತ್ರ ಅಂಗಡಿಯ ಹೆಸರು, ಮಾಲೀಕನ ಫೋಟೋ, ಫೋಟೋದ ಹಿಂದೊಂದು ಸೂರ್ಯೋದಯ, ಎಲ್ಲವನ್ನೂ ಉಗುಳಿ ಮುಗಿಸುತ್ತಿತ್ತು. ಈಗ ರಾಯರಿಗೆ ಉಳಿದಿದ್ದು ಗೇಟು ಗೋಡೆಗಳ ಮೇಲಿನ ಚಿಲ್ಲರೆ ಕೆಲಸ: ‘ಇಲ್ಲಿ ವಾಹನ ನಿಲ್ಲಿಸಬೇಡಿ’, ‘ಇಲ್ಲಿ ಕಸ ಹಾಕಬೇಡಿ’, ‘ಗೋಡೆಗೆ ಒರಗಬೇಡಿ’. ಊರನ್ನೆಲ್ಲ ಬನ್ನಿ ಬನ್ನಿ ಎಂದು ಕರೆದ ಕೈ ಈಗ ಬೇಡ ಬೇಡ ಎಂದು ಓಡಿಸುವುದಕ್ಕೆ ಮಾತ್ರ ಬೇಕಾಗಿತ್ತು. ಅದು ಅವರನ್ನು ನಿಜಕ್ಕೂ ನೋಯಿಸಿತ್ತು. ಬಾಯಿ ಬಿಟ್ಟು ಹೇಳಿಕೊಂಡವರಲ್ಲ, ಅಷ್ಟೇ.

ಹೆಂಡತಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಬಂದವರ ಹೆಸರು ಬರೆದುಕೊಂಡು ಚೀಟಿ ಕೊಡಬೇಕು. ದೀಪದ ಬುಡದಲ್ಲೇ ಕತ್ತಲು ಎನ್ನುವ ಹಾಗೆ ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. “ಏನೂ ಆಗಲ್ಲ, ಇರುವೆ ಕಚ್ಚಿದಷ್ಟೂ ನೋವಿರಲ್ಲ” ಎಂದು ಊರವರಿಗೆಲ್ಲ ಧೈರ್ಯ ಹೇಳುತ್ತಿದ್ದವಳು, ತನ್ನ ಸರದಿ ಬಂದಾಗ “ಮುಂದಿನ ತಿಂಗಳು ನೋಡೋಣ” ಎನ್ನುತ್ತ ಇಡೀ ಒಂದು ಮಳೆಗಾಲ ದಾಟಿಸಿಬಿಟ್ಟಳು. ಅಷ್ಟರಲ್ಲಿ ಎದುರಿಗಿದ್ದವರನ್ನು ದನಿಯಿಂದಲೇ ಗುರುತು ಹಿಡಿಯುವ ಸ್ಥಿತಿಗೆ ಬಂದಿದ್ದಳು; ಚೀಟಿ ಬರೆಯುವುದು ಪಕ್ಕದವರ ಪಾಲಾಗಿ, ಅವಳು ಹೆಸರು ಕೇಳಿ ಹೇಳುವುದಷ್ಟೇ ಉಳಿದಿತ್ತು.

ಆ ದಿನಗಳಲ್ಲಿ ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಬಿಟ್ಟು ಸಂಜೆ ಕರೆತರುವುದು ರಾಯರ ಕೆಲಸವಾಯಿತು. ಆದರೆ ಬೀದಿಯಲ್ಲಿ ಹೆಂಡತಿಯ ಕೈ ಹಿಡಿದು ನಡೆಯುವುದೆಂದರೆ ಅವರಿಗೆ ಮೈಯೆಲ್ಲ ಮುದುಡಿಹೋಗುವಷ್ಟು ನಾಚಿಕೆ. ಮದುವೆಯಾದ ಹೊಸದರಲ್ಲೇ ಹಿಡಿಯದ ಕೈಯನ್ನು ತಲೆ ನರೆತ ಮೇಲೆ ಹಿಡಿಯುವುದೇ? ಅದಕ್ಕೊಂದು ಉಪಾಯ ಹೂಡಿದರು. ಬೋರ್ಡು ಬರೆಯುವಾಗ ಕೈ ನಡುಗದಿರಲೆಂದು ಊರಿಕೊಳ್ಳುವ ಉದ್ದದ ಕೋಲೊಂದಿರುತ್ತದೆ. ಹಸಿ ಬಣ್ಣಕ್ಕೆ ತಾಗಿದರೂ ಗೀರಾಗದಂತೆ ಅದರ ತುದಿಗೆ ಬಟ್ಟೆಯ ಉಂಡೆ ಸುತ್ತಿರುತ್ತಾರೆ. ಉಂಡೆಯ ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ಕಂಕುಳಲ್ಲಿ ಅವುಚಿಕೊಂಡು ರಾಯರು ಮುಂದೆ ಮುಂದೆ ನಡೆದರು. “ಗುಂಡಿ”, “ಮೆಟ್ಲು”, “ನಾಯಿ” ಎಂದು ಕೂಗುತ್ತಿದ್ದರೇ ಹೊರತು ಒಮ್ಮೆಯೂ ಹಿಂದಕ್ಕೆ ತಿರುಗಿದವರಲ್ಲ. ನೋಡಿದವರಿಗೆ ಗಂಡ ಹೆಂಡತಿ ಸೇರಿ ಏಣಿ ಸಾಗಿಸುತ್ತಿದ್ದಾರೆ ಅನ್ನಿಸಬೇಕು, ಹಾಗೆ.

ಕೊನೆಗೂ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ಹೆಂಡತಿ ಮೊದಲು ಮೂಲೆ ನೋಡಿ, “ಅಯ್ಯೋ, ಇಷ್ಟೊಂದು ಧೂಳಾ!” ಅಂದಳು. ಆಮೇಲೆ ಗಂಡನನ್ನು ನೋಡಿ, “ಅಯ್ಯೋ, ಇಷ್ಟು ಮುದುಕರಾಗಿದ್ದೀರಾ!” ಅಂದಳು. ರಾಯರು ಎರಡನ್ನೂ ಸಹಿಸಿಕೊಂಡರು.

ಆದರೆ ಹಿತ್ತಲ ಮೆಟ್ಟಿಲ ಮೇಲೆ ಕೂತಾಗ ಮಾತ್ರ ಅವಳ ಮುಖ ಸಣ್ಣಗಾಗುತ್ತಿತ್ತು. ಕಣ್ಣು ಮಂಜಾಗಿದ್ದಾಗ ಅವಳು ಹೊತ್ತು ಕಳೆದಿದ್ದು ಅಲ್ಲೇ. ಕುಂಡದಲ್ಲಿದ್ದ ಅಂಗಡಿಯ ಹೂಗಿಡಗಳು ಯಾವುವೆಂದು ಆಗ ತಿಳಿಯುತ್ತಿರಲಿಲ್ಲ. ಯಾರೂ ನೆಡದೆ, ಯಾರೂ ನೀರು ಹಾಕದೆ ಕಾಂಪೌಂಡಿನ ಬುಡದಲ್ಲಿ ತಾವಾಗಿ ಎದ್ದ ಎಕ್ಕ, ತುಂಬೆ, ಗರಿಕೆ, ಉತ್ತರಾಣಿ ಮಾತ್ರ ಬರೀ ಬಣ್ಣದ ಮೋಡಗಳಾಗಿ ಕಂಡರೂ ಗುರುತು ಸಿಗುತ್ತಿದ್ದವು, ಚಿಕ್ಕಂದಿನಿಂದ ಕಂಡವಲ್ಲವೇ.

“ಈಗ ಎಲ್ಲಾ ಬಿಡಿ ಬಿಡಿಯಾಗಿ ಕಾಣುತ್ತೆ ರೀ. ಇದೊಂದು ಎಲೆ, ಅದೊಂದು ಕಡ್ಡಿ. ಆಗ ಒಂದರೊಳಗೊಂದು ಹೇಗೆ ಸೇರ್ಕೊಂಡಿದ್ವು ಗೊತ್ತಾ? ಮರೆತುಹೋಗೋಕೆ ಮುಂಚೆ ಅದನ್ನ ಬರೆದಿಡ್ಬೇಕು ನಾನು.”

“ಕಣ್ಣು ಕಾಣಿಸ್ಲಿ ಅಂತ ಆಪರೇಷನ್ ಮಾಡಿಸ್ಕೊಂಡು, ಕಾಣದೆ ಇದ್ದದ್ದನ್ನ ಬರೀತೀನಿ ಅಂತೀಯಲ್ಲೇ!”

“ಕಾಣದೆ ಇದ್ದದ್ದಲ್ಲ. ಹಾಗೆ ಕಂಡದ್ದು.”

ಹೀಗೆ ಟ್ಯಾಬಿನ ಮೇಲೆ ಚಿತ್ರರಚನೆಯ ಮಹಾಯಾಗ ಶುರುವಾಯಿತು. ಹಿತ್ತಲಲ್ಲಿ ಒಂದು ಹುಲ್ಲನ್ನೂ ಕೀಳುವಂತಿಲ್ಲವೆಂದು ಆಜ್ಞೆಯಾಯಿತು. ಬಟ್ಟೆ ಒಣಹಾಕಲು ಹೋದ ರಾಯರ ಪ್ಯಾಂಟಿಗೆ ಉತ್ತರಾಣಿ ಮುಳ್ಳು ಮೊಣಕಾಲುದ್ದ ಅಂಟಿಕೊಂಡರೂ ಕೇಳುವವರಿಲ್ಲ. ಅವುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ ರಾಯರು ವಿಮರ್ಶೆ ಮಾಡುತ್ತಿದ್ದರು.

“ಏನೇ ಅದು?”

“ಎಕ್ಕ.”

“ಎಲೆ ಎಲ್ಲಿ? ಹೂ ಎಲ್ಲಿ? ಬಿಳಿ ಬಟ್ಟೆ ಮೇಲೆ ಶಾಯಿ ಚೆಲ್ಲಿದ ಹಾಗಿದೆ.”

“ಶಾಯಿ ಚೆಲ್ಲಿದ್ರೆ ಒಗೀಬಹುದು. ನಿಮ್ಮ ಮಾತನ್ನ ಒಗೆಯೋಕಾಗುತ್ತಾ?”

“ಅಲ್ಲಾ, ಈಗ ಕೈ ಜಾರಿ ಗೆರೆ ಸೊಟ್ಟಗಾಯ್ತು ಅನ್ನು. ಏನ್ಮಾಡ್ತೀಯಾ?”

“ಇಲ್ನೋಡಿ, ಈ ಬಾಣದ ಗುರುತು ಒತ್ತಿದ್ರೆ ಹಿಂದಕ್ಕೆ ಹೋಗುತ್ತೆ. ಬರೆದೇ ಇಲ್ಲ ಅನ್ನೋ ಹಾಗೆ.”

ರಾಯರಿಗೆ ಮೈ ಉರಿದುಹೋಯಿತು. “ಮಾಡಿದ ತಪ್ಪನ್ನ ವಾಪಸ್ ತಗೊಳ್ಳೋಕಾದ್ರೆ ಅದ್ಯಾವ ಕಲೆಯೇ? ನನ್ನ ಅಕ್ಷರ ಒಂದ್ಸಲ ಗೋಡೆಗೆ ಬಿತ್ತು ಅಂದ್ರೆ ಗೋಡೆ ಬೀಳ್ಬೇಕೇ ಹೊರತು ಅಕ್ಷರ ಹೋಗಲ್ಲ!”

ಹೆಂಡತಿ ಬಾಣದ ಗುರುತು ಒತ್ತಿ ಇನ್ನೊಂದು ಗೆರೆ ಎಳೆದಳು. ಇಷ್ಟು ವರ್ಷಗಳಲ್ಲಿ ಅವಳು ಅವರ ಅಕ್ಷರವನ್ನು ಒಮ್ಮೆಯೂ ಬಾಯ್ತುಂಬ ಹೊಗಳಿದವಳಲ್ಲ. ಅಂಥವಳು ಈಗ ತಾನೇ ಕಲಾವಿದೆಯಾಗಿ ಕೂತಿದ್ದಾಳೆ ಎನ್ನುವುದು ರಾಯರ ಅಸಲು ಹುಣ್ಣು. ಹಾಗೆಂದು ಕಿವಿ ಸುಮ್ಮನಿರುತ್ತದೆಯೇ? ಚಿತ್ರ ಮುಗಿದಾಗಲೆಲ್ಲ ಅವಳು “ತುಂಬೆ ಆಯ್ತು”, “ಗರಿಕೆ ಆಯ್ತು” ಎಂದು ಗಟ್ಟಿಯಾಗಿ ಹೇಳಿಕೊಂಡರೆ, ಪೇಪರಿನ ಮರೆಯಲ್ಲಿ ಕೂತ ರಾಯರು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿದ್ದರು.

ಒಂದು ಚಿತ್ರಕ್ಕೆ ಮಾತ್ರ ಅವಳು ಹೆಸರು ಹೇಳಲಿಲ್ಲ. ಉಳಿದವುಗಳಿಗಿಂತ ಹೆಚ್ಚು ದಿನ ಅದನ್ನೇ ತಿದ್ದಿದಳು. ಬರೆದು ಮುಗಿಸಿ, ಸೆರಗಿನಿಂದ ಗಾಜು ಒರೆಸಿ, ಗಂಡನ ಮುಂದೆ ಹಿಡಿದಳು.

“ಇದೇನು ಹೇಳಿ ನೋಡೋಣ?”

ಕೆಳಗೊಂದು ಕೆಂಪು ಮುದ್ದೆ. ಅಲ್ಲಿಂದ ಓರೆಯಾಗಿ ಮೇಲಕ್ಕೆ, ಹೋಗುತ್ತ ಹೋಗುತ್ತ ಸಣ್ಣಗಾದ ಒಂದು ಗೆರೆ. ಆ ತುದಿಯಲ್ಲಿ ಅಗಲವಾದ ಬೂದು ಬಣ್ಣ, ಅದರ ತುಂಬ ನಾನಾ ಬಣ್ಣದ ಚುಕ್ಕೆ. ಸುತ್ತ ಬರೀ ಬೆಳಕು.

“ಹಾವು ಮೊಟ್ಟೆ ನುಂಗಿದ ಹಾಗಿದೆ,” ಎಂದರು ರಾಯರು, ಸರಿಯಾಗಿ ನೋಡದೆ.

“ಸ್ವಲ್ಪ ನಿಂತು ನೋಡ್ರೀ. ನಿಮಗೇ ಗೊತ್ತಾಗ್ಬೇಕು ಇದು.”

“ನಂಗೆ ಬೇರೆ ಕೆಲಸ ಇಲ್ವಾ?” (ಇರಲಿಲ್ಲ.)

ಹೆಂಡತಿ ಟ್ಯಾಬನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಅವಳು ಅವರಿಂದ ಕೇಳಿದ್ದು ಅದೊಂದನ್ನೇ. ಉಳಿದ ಯಾವ ಚಿತ್ರವನ್ನು ಬೈದಿದ್ದರೂ ಅವಳಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಆ ಸಂಜೆ ಕಾಫಿ ತಣ್ಣಗೆ ಬಂತು. ರಾಯರು ಹಾಲು ಕೆಟ್ಟಿರಬೇಕೆಂದುಕೊಂಡರು.

ಒಂದು ದಿನ ಆಸ್ಪತ್ರೆಯ ಡಾಕ್ಟರಮ್ಮ ಆ ಚಿತ್ರಗಳನ್ನು ನೋಡಿದ್ದೇ ಹಿಡಿದ ಪಟ್ಟು ಬಿಡಲಿಲ್ಲ. ಹೊಸದಾಗಿ ಕಟ್ಟಿದ ಕಾಯುವ ಕೋಣೆಯಲ್ಲಿ ಅವನ್ನು ತೂಗುಹಾಕಬೇಕು, ‘ಈ ನೆಲದ ಗಿಡಗಳು’ ಎಂದು ಸಾಲಾಗಿ. ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತರುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಿಲ್ಲ. ಯಾವ ಬ್ಯಾನರಿನ ಅಂಗಡಿಯ ಮುಂದೆ ಹಾಯುವಾಗ ರಾಯರು ಮುಖ ತಿರುಗಿಸುತ್ತಿದ್ದರೋ ಅದೇ ಅಂಗಡಿಯ ಬೆಂಚಿನ ಮೇಲೆ ಕೂತು ಕಾಯಬೇಕಾಯಿತು. “ಕೊನೆಗೂ ಬಂದ್ರಲ್ಲ ರಾಯರೇ!” ಎಂದು ಮಾಲೀಕ ಟೀ ಬೇರೆ ತರಿಸಿದ. ವಿಷ ಕುಡಿದ ಹಾಗೆ ಕುಡಿದರು.

ಭಾನುವಾರ ಆಸ್ಪತ್ರೆಗೆ ರಜೆ. ಡಾಕ್ಟರಮ್ಮ ಬೀಗದ ಕೈ ಕೊಟ್ಟು, “ಮೊಳೆ ಹೊಡೆದು ಚಿತ್ರ ತೂಗುಹಾಕಿಬಿಡಿ ರಾಯರೇ, ಅಷ್ಟು ಸಾಕು” ಎಂದಿದ್ದರು. ರಾಯರು ಏಣಿ ಹತ್ತಿ ಮೊಳೆ ಹೊಡೆದರು, ನೂಲು ಹಿಡಿದು ಮಟ್ಟ ನೋಡಿದರು, ಚಿತ್ರಗಳನ್ನು ತೂಗುಹಾಕಿದರು. ಇಳಿದು ಹಿಂದಕ್ಕೆ ಸರಿದು ನೋಡಿದರು.

ಚಿತ್ರಗಳು ಅವರಿಗೆ ಕಾಣಲೇ ಇಲ್ಲ. ಕಂಡದ್ದು ಗೋಡೆ. ಹೊಸ ಗಾರೆ, ಹೊಸ ಸುಣ್ಣ, ಒಂದು ಬೆರಳಿನ ಗುರುತೂ ಇಲ್ಲದ ಬೆಳ್ಳನೆಯ ಗೋಡೆ. ಇಂಥ ಗೋಡೆ ಅವರ ಕೈಗೆ ಸಿಕ್ಕಿ ಎಷ್ಟು ಕಾಲವಾಗಿತ್ತು! ಒಂದು ಚಿತ್ರದ ಕೆಳಗೂ ಹೆಸರಿಲ್ಲ. ಬೋರ್ಡಿಲ್ಲದ ಅಂಗಡಿಗೂ ಹೆಸರಿಲ್ಲದ ಚಿತ್ರಕ್ಕೂ ಏನು ವ್ಯತ್ಯಾಸ? ಬಂದವರಿಗೆ ಇದು ಗರಿಕೆ, ಇದು ಎಕ್ಕ ಎಂದು ಯಾರು ಹೇಳಬೇಕು? ಹೆಂಡತಿಯ ಮರ್ಯಾದೆಯ ಪ್ರಶ್ನೆ, ಎಂದು ತಮಗೆ ತಾವೇ ಹೇಳಿಕೊಂಡು ರಾಯರು ಮನೆಗೆ ಓಡಿ ಬಣ್ಣದ ಡಬ್ಬಿ, ಕುಂಚ, ಕೋಲು ತಂದರು.

‘ಎಕ್ಕ’ ಎಂದು ಬರೆದರು. ಕೈ ನಡುಗಲಿಲ್ಲ. ‘ತುಂಬೆ’ ಎಂದು ಬರೆದರು. ಆ ಸೊನ್ನೆಯನ್ನು ನೋಡಿದ್ದರೆ ಕಣ್ಣಿಲ್ಲದವನಿಗೂ ಕಣ್ಣು ಬರಬೇಕು, ಅಷ್ಟು ದುಂಡಗೆ ಬಂತು. ‘ಬೇಡ’ ಎನ್ನದ ಅಕ್ಷರಗಳನ್ನು ಬರೆಯುವ ಸಂತೋಷದಲ್ಲಿ ಊಟದ ಹೊತ್ತು ಮೀರಿದ್ದೂ ಅವರಿಗೆ ತಿಳಿಯಲಿಲ್ಲ.

ಕೊನೆಯದು ಆ ಹೆಸರಿಲ್ಲದ ಚಿತ್ರ. ಹೆಂಡತಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಕೇಳಿದರೆ ಗುರುತು ಸಿಗಲಿಲ್ಲವೆಂದು ಒಪ್ಪಿಕೊಂಡ ಹಾಗಾಯಿತು. ರಾಯರು ಏಣಿಯ ಮೇಲೆ ಕೂತು ಗಡ್ಡ ಕೆರೆದುಕೊಳ್ಳುತ್ತ ತರ್ಕ ಮಾಡಿದರು. ಕೆಂಪಗೆ ಊದಿದ ಮುದ್ದೆ, ಮೈತುಂಬ ಚುಕ್ಕೆ. ಹಿತ್ತಲ ಮೂಲೆಯ ತುರಿಕೆ ಗಿಡ ಸೋಕಿದರೆ ತೋಳು ಥೇಟ್ ಹೀಗೇ ಆಗುತ್ತದೆ! ಸಂಶಯವೇ ಇಲ್ಲ. ‘ತುರಿಕೆ ಗಿಡ’ ಎಂದು ಬರೆದರು. ನೋಡಿದರೆ, ಚಿತ್ರ ಅಗಲ, ಹೆಸರು ಗಿಡ್ಡ. ಬಲಗಡೆ ಜಾಗ ಖಾಲಿ ಹೊಡೆಯುತ್ತಿದೆ. ಬೋರ್ಡು ಬರೆಯುವವನ ಕಣ್ಣಿಗೆ ಅದು ಹಲ್ಲು ಬಿದ್ದ ಬಾಯಿ ಇದ್ದ ಹಾಗೆ. ಏನಾದರೂ ತುಂಬಬೇಕು. ಇಷ್ಟು ವರ್ಷ ಅಭ್ಯಾಸವಾದ ಕೈ ಯಾರ ಅಪ್ಪಣೆಯನ್ನೂ ಕಾಯದೆ ಬರೆದೇಬಿಟ್ಟಿತು: ‘ಮುಟ್ಟಬೇಡಿ.’

ಸೋಮವಾರ ಬೆಳಿಗ್ಗೆ ಕಾಯುವ ಕೋಣೆ ತುಂಬಿತ್ತು. ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಬಳಿ ನಿಂತರು. ಜನ ಗೋಡೆಯ ಮುಂದೆ ನಿಂತು ಓದುತ್ತಿದ್ದರು, ತಲೆಯಾಡಿಸುತ್ತಿದ್ದರು. ಒಂದೇ ಒಂದು ವಿಚಿತ್ರವೆಂದರೆ, ಎಲ್ಲ ಬೆಂಚುಗಳೂ ತುಂಬಿ ಜನ ನಿಂತಿದ್ದರೂ ಕೊನೆಯ ಚಿತ್ರದ ಕೆಳಗಿನ ಬೆಂಚು ಮಾತ್ರ ಖಾಲಿ. ಅದನ್ನು ಓದಿದ ಗಂಡಸೊಬ್ಬ ಆಗಲೇ ಮೊಣಕೈ ತುರಿಸಿಕೊಳ್ಳುತ್ತಿದ್ದ. ಅವನನ್ನು ನೋಡಿ ಪಕ್ಕದವನೂ ಶುರುಮಾಡಿದ.

ಅಷ್ಟರಲ್ಲಿ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಬಂದ ಅಜ್ಜಿಯೊಬ್ಬರು ತಡವರಿಸುತ್ತ ಹೋಗಿ ಆ ಬೆಂಚಿನ ಮೇಲೆಯೇ ಕೂತು, ಕತ್ತೆತ್ತಿ ಚಿತ್ರ ನೋಡತೊಡಗಿದರು.

“ಅಜ್ಜೀ, ಅದು ತುರಿಕೆ ಗಿಡ. ಬರೆದಿದೆ ನೋಡಿ,” ಎಂದರು ರಾಯರು.

“ಗಿಡಾನಾ? ಓದೋಕೆ ಎಲ್ಲಿ ಕಾಣುತ್ತಪ್ಪಾ, ಎಲ್ಲಾ ಮಂಜು ಮಂಜು. ನಂಗೆ ಯಾರೋ ಮುಂದೆ ಮುಂದೆ ಹೋಗ್ತಿರೋ ಹಾಗೆ ಕಂಡ್ತು.”

ಪಾಪ, ಔಷಧಿಯ ಅಮಲು ಎಂದು ರಾಯರು ನಕ್ಕರು.

ಹೆಂಡತಿ ಡಾಕ್ಟರಮ್ಮನ ಜೊತೆ ಒಳಗೆ ಬಂದಳು. ಗೋಡೆಯ ಮೇಲಿನ ಅಕ್ಷರ ಕಂಡು ಗಕ್ಕನೆ ನಿಂತಳು. ಅವಳು ಹತ್ತಿರ ಹೋಗಿ, ‘ತುಂಬೆ’ಯ ಸೊನ್ನೆಯನ್ನು ಬಹಳ ಹೊತ್ತು ನೋಡಿ, ಗಂಡನ ಕಡೆ ತಿರುಗಿ ಮೆಲ್ಲಗೆ ಅಂದಳು: “ಎಷ್ಟು ಚೆನ್ನಾಗಿ ಬರೆದಿದ್ದೀರ್ರೀ.”

ಆ ಒಂದು ಮಾತಿಗೆ ರಾಯರು ಅರ್ಧ ಆಯುಷ್ಯ ಕಾದಿದ್ದರು. ಅಂಗಿಯ ಗುಂಡಿ ಹಾಕಿ ಬಿಚ್ಚಿ ಮಾಡಿದರು. ಆ ಗಳಿಗೆಯಲ್ಲಿ ಯಾರಾದರೂ ಅವಳನ್ನು ಹಾಗೇ ಹೊರಗೆ ಕರೆದುಕೊಂಡು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ಸಾಲುದ್ದಕ್ಕೂ ನಡೆದಳು. ಕೊನೆಯ ಚಿತ್ರದ ಮುಂದೆ ಬಂದಳು. ಓದಿದಳು. ಇನ್ನೊಮ್ಮೆ ಓದಿದಳು.

ಡಾಕ್ಟರಮ್ಮ ಗೊತ್ತಾಗದ ಹಾಗೆ ಕತ್ತು ತುರಿಸಿಕೊಳ್ಳುತ್ತ, “ಇದು ತುರಿಕೆ ಗಿಡಾನಾ? ನೋಡಿದ್ರೆ ಹಾಗನ್ನಿಸಲ್ಲ, ಎಷ್ಟು ಶಾಂತವಾಗಿದೆ” ಅಂದರು.

“ಗಿಡ ಅಲ್ಲ ಡಾಕ್ಟ್ರೇ.”

“ಮತ್ತೇನು?”

“ನಮ್ಮನೆಯವರು.”

ತುರಿಸಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು.

“ಕಣ್ಣು ಕಾಣದೆ ಇದ್ದಾಗ ಇವರು ಬಣ್ಣದ ಕೋಲಿನ ತುದಿ ನನ್ನ ಕೈಗೆ ಕೊಟ್ಟು ಮುಂದೆ ಹೋಗ್ತಿದ್ರು. ನಂಗೆ ಕಾಣ್ತಿದ್ದಿದ್ದು ಇಷ್ಟೇ. ಕೈಯಲ್ಲಿ ಕೆಂಪು ಉಂಡೆ, ಕೋಲು, ಆ ತುದಿಗೆ ಇವರ ಅಂಗಿ ಬೆನ್ನು. ಆ ಮಳೆಗಾಲವೆಲ್ಲ ಲೋಕದಲ್ಲಿ ನಂಗೆ ಉಳಿದಿದ್ದು ಅದೊಂದೇ.” ಅವಳ ದನಿ ಸ್ವಲ್ಪ ಒಡೆಯಿತು. ಸರಿಮಾಡಿಕೊಂಡಳು. “ಈ ನೆಲದ ಗಿಡಗಳು ಅಂದ್ರಲ್ಲ, ಅದಕ್ಕೇ ಸಾಲಲ್ಲಿ ಸೇರಿಸ್ದೆ. ಇವರೂ ಹಾಗೇ. ಆರೈಕೆ ಮಾಡಿದ್ರೂ ಅಷ್ಟೇ, ಮಾಡದೇ ಇದ್ರೂ ಅಷ್ಟೇ. ಗೋಡೆ ಪಕ್ಕ ಗಟ್ಟಿಯಾಗಿ ನಿಂತಿರ್ತಾರೆ.”

ರಾಯರು ನೋಡಿದರು. ಈ ಸಲ ನಿಂತು ನೋಡಿದರು. ಬಣ್ಣ ಒರೆಸಿ ಒರೆಸಿ ಕೆಂಪಾಗಿದ್ದ ತಮ್ಮದೇ ಕೋಲಿನ ಉಂಡೆ. ಕೆಲಸದ ಬೂದು ಅಂಗಿ. ಅದರ ಮೇಲೆ ಪೇಟೆ ಬೀದಿಯ ಅಷ್ಟೂ ಅಂಗಡಿಗಳ ಬಣ್ಣದ ಹನಿಗಳು. ದಿನಾ ಅವುಚಿಕೊಂಡ ಕೋಲಿನ ಗುರುತು ಅವರಿಗೇ ಸಿಕ್ಕಿರಲಿಲ್ಲ. ತಮ್ಮ ಬೆನ್ನನ್ನು ತಾವು ಕಂಡವರಾರು? ಒಮ್ಮೆ ಹಿಂದಕ್ಕೆ ತಿರುಗಿದ್ದರೂ ಸಾಕಿತ್ತು, ಆ ಕೋಲಿನ ಇನ್ನೊಂದು ತುದಿಯಲ್ಲಿ ಒಂದು ಮುಖ ತಮ್ಮನ್ನೇ ನಂಬಿಕೊಂಡು ಬರುತ್ತಿರುವುದು ಕಾಣುತ್ತಿತ್ತು. ಅವರಿಗೆ ದುಃಖ ಒತ್ತರಿಸಿಕೊಂಡು ಬಂತು. ಆ ಚಿತ್ರದ ಕೆಳಗೆ ತಮ್ಮದೇ ಕೈಯಿಂದ, ನೆರಳು ಕೊಟ್ಟು, ದುಂಡಾಗಿ ಬರೆದಿದ್ದಾರೆ: ತುರಿಕೆ ಗಿಡ. ಮುಟ್ಟಬೇಡಿ.

“ಈಗಲೇ ಅಳಿಸ್ತೀನಿ ಡಾಕ್ಟ್ರಮ್ಮ. ಥಿನ್ನರ್ ತರ್ತೀನಿ.”

“ಕಣ್ಣಿನ ಆಸ್ಪತ್ರೇಲಿ ಥಿನ್ನರ್ ವಾಸನೆಯಾ? ಬೇಡ. ಅಲ್ಲದೆ ಜನ ಗೋಡೆಗೆಲ್ಲ ತಲೆಯೆಣ್ಣೆ ಕಲೆ ಮಾಡಿಡ್ತಾರೆ ರಾಯರೇ. ಆ ಒಂದು ಕಡೆ ಬೆಳಿಗ್ಗೆಯಿಂದ ಒಬ್ರೂ ಒರಗಿಲ್ಲ. ಇರಲಿ ಬಿಡಿ.”

ರಾಯರು ಯಾರಿಗೂ ಕಾಣದ ಹಾಗೆ ಉಗುರಿನಿಂದ ಕೆರೆದು ನೋಡಿದರು. ಹೊಸ ಗಾರೆ ಬಣ್ಣವನ್ನು ಹೀರಿಕೊಂಡುಬಿಟ್ಟಿತ್ತು. ಗೋಡೆ ಬೀಳಬೇಕೇ ಹೊರತು ಅಕ್ಷರ ಹೋಗುವಂತಿರಲಿಲ್ಲ. ಜೀವನದಲ್ಲಿ ಮೊದಲ ಸಲ ರಾಯರಿಗೆ ಆ ಟ್ಯಾಬಿನ ಬಾಣದ ಗುರುತು ನೆನಪಾಗಿ, ಅದನ್ನು ಕಂಡುಹಿಡಿದವನ ಮೇಲೆ ಗೌರವ ಹುಟ್ಟಿತು.

ಸಂಜೆ ಗಂಡ ಹೆಂಡತಿ ಮನೆಗೆ ಹೊರಟರು. ಮೋಡ ಕವಿದಿದ್ದರಿಂದ ಹೆಂಡತಿಯ ಕೈಯಲ್ಲಿ ಮಡಿಸಿದ ಕೊಡೆ ಇತ್ತು. ಪೇಟೆ ಬೀದಿ ತುಂಬ ಜನ. ರಾಯರು ಸ್ವಲ್ಪ ದೂರ ನಡೆದರು. ಆಮೇಲೆ ನಿಂತರು. ಆ ಕಡೆ ಈ ಕಡೆ ನೋಡಿ, ಬೆವರಿದ ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ನಡುಬೀದಿಯಲ್ಲಿ, ಊರಿಗೆ ಊರೇ ನೋಡುತ್ತಿರುವಾಗ, ಹೆಂಡತಿಯ ಮುಂದೆ ಕೈ ಚಾಚಿದರು.

“ಹಿಡ್ಕೋ.”

ಹೆಂಡತಿ ಆ ಕೈಯನ್ನು ನೋಡಿದಳು. ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು ತಡೆಯುತ್ತಿದ್ದಳು.

“ಬೇಡಪ್ಪಾ. ಅಷ್ಟು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆದು ಹಾಕಿದ್ದಾರೆ, ಮುಟ್ಟಬೇಡಿ ಅಂತ.”

ಎಂದವಳೇ ಕೊಡೆಯ ಒಂದು ತುದಿಯನ್ನು ಅವರ ಕೈಗಿಟ್ಟು, ಇನ್ನೊಂದು ತುದಿಯನ್ನು ಕಂಕುಳಲ್ಲಿ ಅವುಚಿಕೊಂಡು ಮುಂದೆ ನಡೆದೇಬಿಟ್ಟಳು. ರಾಯರು ಬಿಡಲಿಲ್ಲ. ಹಿಡಿದುಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕಿದರು. “ಗುಂಡಿ,” ಎಂದಳು ಹೆಂಡತಿ, ತಿರುಗಿ ನೋಡದೆ. “ನಾಯಿ,” ಎಂದಳು.

ಹೊಲಿಗೆ ಅಂಗಡಿಯವನು ಮಿಷನ್ ನಿಲ್ಲಿಸಿ ಕೂಗಿದ: “ಏನ್ ರಾಯರೇ, ಕಣ್ಣಿಗೇನಾಯ್ತು?”

“ಪೊರೆ ಬಂದಿತ್ತಪ್ಪಾ,” ಎಂದರು ರಾಯರು, ಕೊಡೆಯ ತುದಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು. “ಈಗ ತಾನೇ ತೆಗೆಸ್ಕೊಂಡು ಬರ್ತಿದ್ದೀನಿ.”

“ಮಾತು ಸಾಕು, ಮುಂದೆ ಮೆಟ್ಲಿದೆ,” ಎಂದಳು ಹೆಂಡತಿ. ರಾಯರು ಅಷ್ಟರಲ್ಲಿ ಎಡವಿಯಾಗಿತ್ತು.